ಹಸಿರು ಡಬ್ಬಿಯ ಮಹಿಮೆ

ಹೆಂಡತಿಯ ಬೂಟಿನ ಸದ್ದು ಮೆಟ್ಟಿಲಿಳಿದು ಮರೆಯಾಗುವವರೆಗೂ ಗವ್ರೀಲ್ ಉಸಿರು ಬಿಗಿಹಿಡಿದು ಕೂತಿದ್ದ. ಆಮೇಲೆ ಎದ್ದು ಹಿಟ್ಟಿನ ಡಬ್ಬದೊಳಗೆ ಕೈಹಾಕಿ, ಅಡಗಿಸಿಟ್ಟಿದ್ದ ಎರಡು ಆಯಿಲ್ ಫಿಲ್ಟರ್‌ಗಳನ್ನು ಹೊರತೆಗೆದ. ಒಂದು ಕೆಂಪು, ಒಂದು ನೀಲಿ. ಎರಡೂ ಮುಷ್ಟಿಗಿಂತ ಕೊಂಚ ದೊಡ್ಡ ತಗಡಿನ ಡಬ್ಬಿಗಳು. ಮೈಗೆ ಮೆತ್ತಿದ್ದ ಹಿಟ್ಟನ್ನು ಊದಿ, ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಲೋಟದ ಚಹಾ ಆರಿಹೋಗುವಷ್ಟು ಹೊತ್ತು ನೋಡಿದ.

“ಒಳಗೆ ಏನಿರಬಹುದು?”

ಇಷ್ಟೇ. ಅಂದಿನ ರಾಮಾಯಣವೆಲ್ಲ ಶುರುವಾದದ್ದು ಈ ಒಂದು ಪ್ರಶ್ನೆಯಿಂದ.

ಗವ್ರೀಲ್ ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ಮಾಡುವವನು. ಯಾಕೂತ್ಸ್ಕಿನ ನಮ್ಮ ಓಣಿಯಲ್ಲಿ ವಯಸ್ಸಾದವರು ನಗುತ್ತಿದ್ದದ್ದು ಬಹುಪಾಲು ಅವನ ಹಲ್ಲಿನಲ್ಲೇ. ಕೆಲಸದಲ್ಲಿ ಕೈ ಬಂಗಾರ. ಆದರೆ ಮುಚ್ಚಿದ ವಸ್ತು ಕಂಡರೆ ಸಾಕು, ಅವನ ಬೆರಳು ತುರಿಸುತ್ತಿತ್ತು. ಮದುವೆಗೆ ಉಡುಗೊರೆಯಾಗಿ ಬಂದ ಗೋಡೆ ಗಡಿಯಾರವನ್ನು ಮದುವೆಯ ವಾರದಲ್ಲೇ ಬಿಚ್ಚಿದ್ದ. ಅದು ಇಂದಿಗೂ ಎರಡು ಚೀಲಗಳಲ್ಲಿದೆ.

ಹೂವಿನಂಗಡಿಯ ಕೆಲಸಕ್ಕೆ ಹೊರಡುವ ಮುನ್ನ ಹೆಂಡತಿ ಸರ್ಗಿಲಾನ ಸ್ಪಷ್ಟವಾಗಿಯೇ ಹೇಳಿದ್ದಳು. “ನಾಳೆ ಬೆಳಿಗ್ಗೆ ವಿಮಾನಕ್ಕೆ ಅಮ್ಮ ಬರ್ತಾಳೆ. ಕರ್ಕೊಂಡ್ ಬರಕ್ಕೆ ನಮ್ಮ ಕಾರಲ್ಲೇ ಹೋಗ್ಬೇಕು. ಹೋದ ವರ್ಷದ ಹಾಗೆ ಅದು ಕೈಕೊಡ್ತೋ, ನನ್ನ ತಮ್ಮ ಸೆಮ್ಯೋನನಿಗೆ ಕೊಟ್ಬಿಡ್ತೀನಿ. ಅವನ ಹತ್ರ ಆದ್ರೂ ಓಡ್ಲಿ.”

“ಕಾರನ್ನೇ ಕೊಡೋದಾ?”

“ಕೀ ಸಮೇತ. ಮತ್ತೆ, ಇವತ್ತು ನೀನು ಅದರ ಹತ್ರ ಸುಳೀಬೇಡ. ಕಂಬಳಿ ಹೊದ್ದು ಬೆಚ್ಚಗೆ ನಿಂತಿದೆ, ಹಾಗೇ ಇರ್ಲಿ. ಶುರುವಾಗತ್ತೆ.”

ಹೋದ ವರ್ಷ ಅತ್ತೆ ವಿಮಾನ ನಿಲ್ದಾಣದಿಂದ ಮನೆಗೆ ಬಂದದ್ದು ಬ್ರೆಡ್ ಸಾಗಿಸುವ ವ್ಯಾನಿನಲ್ಲಿ. ಅವರು ಬೈಯಲಿಲ್ಲ. ಆದರೆ ಇದ್ದಷ್ಟು ದಿನವೂ ಊಟಕ್ಕೆ ಕೂತಾಗಲೆಲ್ಲ ಬ್ರೆಡ್ಡಿನ ತುಂಡನ್ನು ಎತ್ತಿ, ಒಮ್ಮೆ ಮೂಸಿ, ಅಳಿಯನ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

“ಶುರುವಾಗತ್ತಂತೆ,” ಎಂದು ಗವ್ರೀಲ್ ಗೊಣಗಿದ. ವರ್ಷದ ಹಳೇ ಆಯಿಲ್ ಹೊಟ್ಟೆಯಲ್ಲಿಟ್ಟುಕೊಂಡು ಯಾವ ಕಾರು ತಾನೇ ಶುರುವಾದೀತು? ಅದನ್ನು ಬದಲಾಯಿಸಬೇಕೆಂದು ಅವನಿಗೆ ಸೆಪ್ಟೆಂಬರಿನಿಂದಲೇ ಗೊತ್ತಿತ್ತು. ಯಾವಾಗ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಎದುರುಮನೆಯ ಎಗೋರ್ ಮಾಮ, “ಲಾರ್ಚ್ ಮರದ ಎಲೆ ಉದುರ್ತಿದ್ದ ಹಾಗೇ ಹಾಕ್ಬಿಡು” ಎಂದರೆ, ಮೇಲಿನ ಮನೆಯ ಮಾತ್ರ್ಯೋನಕ್ಕ, “ಲೇನಾ ನದಿಲಿ ಮಂಜುಗಡ್ಡೆ ತೇಲ್ಲಿ ತಾಳು” ಎನ್ನುತ್ತಿದ್ದಳು. ಹವಾಮಾನ ಕಚೇರಿಯ ಅರ್ಕಾದಿಯದು ಇನ್ನೊಂದು ರಾಗ: “ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯೋವರೆಗೂ ಮುಟ್ಬೇಡ. ಬೇಗ ಹಾಕಿದ್ರೆ ಚಳಿ ಬರೋ ಹೊತ್ತಿಗೆ ಹೊಸ ಆಯಿಲ್ಲೂ ಹಳೇದಾಗಿರತ್ತೆ.” ಮೂರೂ ಮಾತು ಗವ್ರೀಲನಿಗೆ ಸರಿಯೆನಿಸಿದವು. ಎಲೆ ಉದುರುವುದನ್ನು ನೋಡಿದ, ಮಂಜುಗಡ್ಡೆ ತೇಲುವುದನ್ನು ನೋಡಿದ, ಮೂವತ್ತು ದಾಟುವುದನ್ನೂ ನೋಡಿದ. ನೋಡುತ್ತ ನೋಡುತ್ತ ನವೆಂಬರ್ ಮುಗಿಯುತ್ತ ಬಂತು.

ಇನ್ನು ತಡಮಾಡುವಂತಿರಲಿಲ್ಲ. ನಮ್ಮ ಅಜ್ಜಿಯರು ಹೇಳುವ ಚಳಿಗಾಲದ ಗೂಳಿ ಉತ್ತರದ ಸಮುದ್ರದಿಂದ ಎದ್ದು, ಮೂಗಿನಿಂದ ಬಿಳಿ ಮಂಜು ಬಿಡುತ್ತ, ಹೆಜ್ಜೆಗೊಂದು ಹೊಳೆಯನ್ನು ಕಲ್ಲಾಗಿಸುತ್ತ ನಡೆದು ಬರುತ್ತದೆ. ಅರ್ಕಾದಿಯ ಲೆಕ್ಕದಲ್ಲಿ ಅದು ನಾಳೆ ಬೆಳಗಾಗುವಷ್ಟರಲ್ಲಿ ಊರು ಮುಟ್ಟುವುದಿತ್ತು. ಹೆಂಡತಿ ಬರುವುದರೊಳಗೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ ಅವಳನ್ನು ಬೆರಗುಗೊಳಿಸಬೇಕೆಂದು ಗವ್ರೀಲ್ ಹೊರಟ.

ಓಣಿಗೆಲ್ಲ ಒಲೆಯಿದ್ದ ಗ್ಯಾರೇಜು ಎಗೋರ್ ಮಾಮನದೊಂದೇ. ಸಂಜೆಯವರೆಗೆ ಇರಲಿ ಎಂದು ಅವನು ಬಾಗಿಲು ತೆಗೆದ. ಕಂಬಳಿ ಸರಿಸಿ ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಶುರುವಾಯಿತು. ಗವ್ರೀಲ್ ಅದನ್ನು ಅದೃಷ್ಟದ ಲೆಕ್ಕಕ್ಕೆ ಹಾಕಿಕೊಂಡ.

ಕೆಳಗೆ ಬಾಣಲೆಯಿಟ್ಟು ಆಯಿಲ್ ಇಳಿಸಿದಾಗ ಎಗೋರ್ ಮಾಮ ಬಗ್ಗಿ ನೋಡಿದ. “ಅಲ್ಲೋ, ವರ್ಷ ಓಡಿದ ಆಯಿಲ್ ಹೀಗಿರತ್ತಾ? ನನ್ನ ಗಾಡಿದು ಟಾರು ಇಳಿದ ಹಾಗೆ ಇಳಿಯತ್ತೆ. ಇದು ಒಳ್ಳೆ ಚಹಾ ಸೋಸಿದ ಹಾಗಿದೆ.”

“ನಾನು ನಿಧಾನಕ್ಕೆ ಓಡಿಸ್ತೀನಿ ಮಾಮ.”

“ಅದಂತೂ ನಿಜ. ಹೋದ ವಾರ ನಾನು ನಡ್ಕೊಂಡೇ ನಿನ್ನನ್ನ ದಾಟಿದ್ದೆ.”

ಹಳೆಯ ಫಿಲ್ಟರ್ ಬಿಚ್ಚಿ ಬಂತು. ಹಸಿರು ಡಬ್ಬಿ, ಮೇಲೊಂದು ಬಾತುಕೋಳಿಯ ಚಿತ್ರ. ಹೋದ ಚಳಿಗಾಲದಲ್ಲಿ ತನ್ನ ಬಿಡಿಭಾಗದ ಅಂಗಡಿಯಲ್ಲಿ ಇದನ್ನು ಹಾಕಿಕೊಟ್ಟದ್ದು ಸೆಮ್ಯೋನನೇ ಇರಬೇಕು. ಆಗ ಯಾರೂ ಬಗ್ಗಿ ನೋಡಿರಲಿಲ್ಲ. ಗವ್ರೀಲ್ ಅದನ್ನು ಮೂಲೆಗಿಟ್ಟು, ಜೇಬಿನಿಂದ ಕೆಂಪು ಮತ್ತು ನೀಲಿ ಡಬ್ಬಿಗಳನ್ನು ತೆಗೆದ. ಹೆಂಡತಿಗೆ ಸುಳಿವು ಸಿಗದಿರಲೆಂದು ಸೆಮ್ಯೋನನ ಅಂಗಡಿ ಬಿಟ್ಟು ಹುಡುಕಿದಾಗ ಪೇಟೆಯಲ್ಲಿ ಆ ಅಳತೆಯವು ಸಿಕ್ಕದ್ದೇ ಇವೆರಡು. ಸರಕು ಹೊತ್ತ ಲಾರಿಗಳೆಲ್ಲ ನದಿಯಾಚೆ ನಿಂತಿದ್ದವು. ಮಂಜುಗಡ್ಡೆ ಅವುಗಳ ಭಾರ ತಡೆಯುವಷ್ಟು ಗಟ್ಟಿಯಾಗುವವರೆಗೆ ಹೊಸ ಮಾಲಿಲ್ಲ.

“ಯಾವುದು ಹಾಕ್ಲಿ?”

“ಯಾವುದಾದ್ರೂ ಹಾಕು ಮಾರಾಯ.”

“ಒಳಗೆ ಏನಿದೆ ಗೊತ್ತಿಲ್ದೆ ಹೇಗೆ ಹಾಕೋದು? ಒಂದನ್ನ ಕೊಯ್ದು ನೋಡೋಣ. ಇನ್ನೊಂದಿದೆಯಲ್ಲ.”

ಹಲ್ಲು ಕೊರೆಯುವ ಸಣ್ಣ ಗರಗಸ ಅವನ ಕೋಟಿನ ಜೇಬಿನಲ್ಲೇ ಇತ್ತು. ಕೆಂಪು ಡಬ್ಬಿಯ ತಲೆ ಎದ್ದು ಬಂತು. ಒಳಗೆ ಅಕಾರ್ಡಿಯನ್ನಿನ ಹಾಗೆ ಮಡಿಸಿದ ಕಾಗದ, ತಳದಲ್ಲಿ ಸ್ಪ್ರಿಂಗು ತಳ್ಳಿ ಹಿಡಿದ ಒಂದು ಪುಟಾಣಿ ಬಾಗಿಲು. ಗವ್ರೀಲನ ಕಣ್ಣು ಅರಳಿತು.

ಗರಗಸದ ಸದ್ದಿಗೆ ಮಾತ್ರ್ಯೋನಕ್ಕ ಬಂದಳು, ಕೈಯಲ್ಲಿ ಹೆಪ್ಪುಗಟ್ಟಿದ ಮೀನನ್ನು ತೆಳ್ಳಗೆ ಹೆರೆದ ತಟ್ಟೆ. ಪ್ರಾಯದಲ್ಲಿ ನದಿಯ ಮೇಲಿನ ಹಿಮದ ದಾರಿಯಲ್ಲಿ ಲಾರಿ ಓಡಿಸಿದ ಹೆಂಗಸು. ಡಬ್ಬಿಯೊಳಗಿನ ಪುಟಾಣಿ ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. “ಚಳಿಗೆ ಆಯಿಲ್ ಗಟ್ಟಿಯಾದ್ರೆ ಕಾಗದ ಅದನ್ನ ಬಿಡಲ್ಲ. ಆಗ ಈ ಬಾಗಿಲು ತೆರ್ಕೊಂಡು ದಾರಿ ಕೊಡ್ಬೇಕು, ಇಲ್ಲಾಂದ್ರೆ ಇಂಜಿನ್ ಬಾಯಾರಿ ಸಾಯತ್ತೆ. ಇದು ಜಿಪುಣನ ಮನೆ ಬಾಗಿಲಿದ್ದ ಹಾಗಿದೆ, ಅಲ್ಲಾಡಲ್ಲ. ನೀಲೀದು ಹೇಗಿದೆ?”

“ಅದು ಮುಚ್ಚಿದೆ ಅಕ್ಕ.”

“ಮುಚ್ಚಿದ್ರೆ ಹೇಗೆ ಗೊತ್ತಾಗತ್ತೆ?”

ಅದೂ ನ್ಯಾಯವೇ. ನೀಲಿಯೂ ಬಾಯಿ ತೆರೆಯಿತು. ಅದರ ಬಾಗಿಲು ಗಾಳಿಗೆ ಹೊಡೆದುಕೊಳ್ಳುವಷ್ಟು ಸಡಿಲ. ಗವ್ರೀಲ್ ಎರಡೂ ಹೋಳುಗಳನ್ನು ನೋಡಿದ, ಮೀನಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡ, ಆಗ ಅವನಿಗೆ ತನ್ನ ಬಳಿ ಈಗ ಹಾಕಲು ಫಿಲ್ಟರೇ ಇಲ್ಲವೆಂಬುದು ಹೊಳೆಯಿತು.

ಸುದ್ದಿ ತಿಳಿದು ಅರ್ಕಾದಿ ತನ್ನ ಮನೆಯಲ್ಲಿದ್ದ ಬಿಳಿ ಡಬ್ಬಿಯನ್ನು ತಂದ. ನಮ್ಮ ಓಣಿಯ ಕಾರುಗಳಿಗೆಲ್ಲ ಒಂದೇ ಅಳತೆ. “ತಗೋ, ಇದನ್ನ ಹಾಕು. ಇದರ ಮುಂದೆ ಯಾವುದೂ ಇಲ್ಲ.”

“ಓಹೋ, ಇವನು ಒಳಗೆ ಹೋಗಿ ನೋಡಿದಾನೆ,” ಎಂದಳು ಮಾತ್ರ್ಯೋನಕ್ಕ. “ನನ್ನ ಹತ್ರ ಇರೋ ಹಳದೀದರ ಮುಂದೆ ಇದು ಕಸ.”

“ಹಾಗಾದ್ರೆ ತಂದು ತೋರಿಸು.”

“ತರ್ತೀನಿ,” ಎಂದು ಹೋಗಿ ಹಳದಿ ಡಬ್ಬಿ ತಂದಳು. “ಕೊಯ್ಯೋ ಗವ್ರೀಲ್, ಎರಡನ್ನೂ ಕೊಯ್ಯಿ. ಇವನ ಜಂಬ ಇಳೀಲಿ.”

ಬೇಡವೆನ್ನಲು ಗವ್ರೀಲ್ ಬಾಯಿ ತೆರೆದದ್ದು ನಿಜ. ಆದರೆ ಬಿಳಿಯದರೊಳಗೆ ಏನಿದೆಯೋ ಎಂಬ ಆಸೆ ನಾಲಗೆಗಿಂತ ಮೊದಲು ಕೈಗೆ ತಲುಪಿತು. ಬಿಳಿಯದರ ಕಾಗದ ತೆಳು, ಹಳದಿಯದರ ಅಂಟು ಬಿಟ್ಟಿತ್ತು. ಇಬ್ಬರ ಜಂಬವೂ ಒಟ್ಟಿಗೆ ಇಳಿಯಿತು. ಗ್ಯಾರೇಜಿನ ನೆಲ ಹಬ್ಬದ ಮರುದಿನದ ಅಡುಗೆಮನೆಯಂತೆ ಡಬ್ಬಿಗಳಿಂದ ತುಂಬಿತ್ತು.

“ಮೂಲೇಲಿ ಒಂದಿದೆಯಲ್ಲ, ಹಳೇದು,” ಎಗೋರ್ ಮಾಮ ಅಂದ. “ಅದನ್ನೇ ತೊಳ್ದು ಹಾಕ್ಬಹುದು.”

“ಒಳಗೆ ಎಷ್ಟು ಮಸಿ ಕೂತಿದೆಯೋ ನೋಡ್ಬೇಡ್ವಾ?” ಎನ್ನುತ್ತ ಗವ್ರೀಲ್ ಆಗಲೇ ಗರಗಸವಿಟ್ಟಾಗಿತ್ತು.

ಹಸಿರು ಡಬ್ಬಿ ತೆರೆದುಕೊಂಡಾಗ ನಾಲ್ವರ ತಲೆಯೂ ಅದರ ಮೇಲೆ ಬಗ್ಗಿತು. ಮಸಿ ಎಲ್ಲಿ? ಕಾಗದ ಆಗಷ್ಟೇ ಕಡೆದ ಬೆಣ್ಣೆಯ ಬಣ್ಣದಲ್ಲಿತ್ತು. ಮಡಿಕೆಗಳು ನೆಟ್ಟಗೆ ನಿಂತಿದ್ದವು. ಬಾಗಿಲು ಒತ್ತಿದರೆ ಹದವಾಗಿ ತೆರೆದು ಹದವಾಗಿ ಮುಚ್ಚುತ್ತಿತ್ತು.

“ಒಂದು ವರ್ಷ,” ಎಂದ ಅರ್ಕಾದಿ, ದೇವರ ಮುಂದೆ ನಿಂತವನ ದನಿಯಲ್ಲಿ.

“ಆಯಿಲ್ ಯಾಕೆ ಚಹಾದ ಹಾಗಿತ್ತು ಅಂತ ಈಗ ಗೊತ್ತಾಯ್ತು,” ಎಂದ ಎಗೋರ್ ಮಾಮ.

“ಸೆಮ್ಯೋನನ ಅಂಗಡಿದಲ್ವಾ ಇದು?” ಎಂದು ಮಾತ್ರ್ಯೋನಕ್ಕ ಮೆಲ್ಲಗೆ ಕೇಳಿದಳು. ಗವ್ರೀಲ್ ತಲೆಯಾಡಿಸಿದ. ಅವನು ಮರದ ಹುಡಿ ಹಾಕಿ ಕೈಯ ಜಿಡ್ಡು ಉಜ್ಜಿ, ಬಿಸಿನೀರಲ್ಲಿ ತೊಳೆದು ಹಿಂದಿರುಗಿ ನೋಡಿದರೆ ಗ್ಯಾರೇಜಿನಲ್ಲಿ ಮೀನಿನ ತಟ್ಟೆಯ ಹೊರತು ಯಾರೂ ಇರಲಿಲ್ಲ.

ಅವನು ಬಸ್ಸು ಹಿಡಿದು ಅಂಗಡಿ ತಲುಪಿದಾಗ ಸೆಮ್ಯೋನ್ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತು ಚಹಾ ಹೀರುತ್ತಿದ್ದ.

“ಬಾ ಭಾವ, ಬಾ. ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು.”

“ಬಾತುಕೋಳಿ ಡಬ್ಬಿ ಒಂದು ಕೊಡು.”

“ಎಲ್ಲಿದೆ? ಇಷ್ಟು ದಿನ ಯಾರೂ ಮೂಸಿ ನೋಡಿರ್ಲಿಲ್ಲ, ಅಂಗಡಿಲೇ ಎಲ್ಲಕ್ಕಿಂತ ಅಗ್ಗದ ಮಾಲು. ಇವತ್ತು ಮಾತ್ರ್ಯೋನಕ್ಕ ಬಂದ್ಲು, ಅವಳ ಹಿಂದೆ ಅರ್ಕಾದಿ, ಅವನ ಹಿಂದೆ ನಿಮ್ಮ ಇಡೀ ಓಣಿ. ಪೆಟ್ಟಿಗೆ ಮಾತ್ರ ಬಿಟ್ಟು ಹೋದ್ರು. ಏನ್ ಹೇಳ್ದೆ ಜನಕ್ಕೆ?”

“ಇದ್ದದ್ದನ್ನೇ ಹೇಳ್ದೆ. ವರ್ಷ ಓಡಿದ್ರೂ ಒಳಗೆ ಒಂದು ಚುಕ್ಕೆ ಮಸಿ ಇಲ್ಲ ಅಂತ.”

ಸೆಮ್ಯೋನ್ ಲೋಟ ಕೆಳಗಿಟ್ಟ. “ಯಾವುದು ವರ್ಷ ಓಡಿದ್ದು?”

“ನನ್ನ ಕಾರಿಂದು. ಹೋದ ಚಳಿಗಾಲದಲ್ಲಿ ನೀನೇ ಹಾಕಿದ್ದಲ್ವಾ.”

“ಆಗ ಹಾಕಿದ್ದು ಕಪ್ಪು ಡಬ್ಬಿ ಭಾವ. ಬಾತುಕೋಳಿ ಹಾಕಿದ್ದು ಮೊನ್ನೆ ಗುರುವಾರ. ಅಕ್ಕ ಕಾರು ತಂದಿದ್ಲು. ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿ ಕಳಿಸ್ದೆ.”

ಗವ್ರೀಲನ ಕಣ್ಣ ಮುಂದೆ ಚಹಾದ ಬಣ್ಣದ ಆಯಿಲ್ ಇನ್ನೊಮ್ಮೆ ಸುರಿಯಿತು. “ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ಅವಳು?”

“ಹೇಳಿದ್ರೆ ಏನು ಹಾಕಿದಾರೆ ಅಂತ ಬಿಚ್ಚಿ ನೋಡ್ತಾನೆ ಅಂದ್ಲು.”

ಬೇರೆ ಯಾವ ಫಿಲ್ಟರೂ ಅಂಗಡಿಯಲ್ಲಿರಲಿಲ್ಲ. ಗವ್ರೀಲ್ ಓಣಿಗೆ ಓಡಿಬಂದು ಅರ್ಕಾದಿಯ ಬಾಗಿಲು ತಟ್ಟಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಅದು ಮೊನ್ನೆ ತಾನೇ ಹಾಕಿದ್ದು, ತೀರಾ ಅಗ್ಗದ್ದು, ಮಹಿಮೆ ಗಿಹಿಮೆ ಏನಿಲ್ಲ, ಒಂದನ್ನು ಕೊಟ್ಟುಬಿಡು.

ಅರ್ಕಾದಿ ಒಂದು ಕಣ್ಣು ಕಿರಿದು ಮಾಡಿ ನಕ್ಕ. “ಚೆನ್ನಾಗಿದೆ ಉಪಾಯ. ಬೇರೆ ಯಾರ ಹತ್ರಾನಾದ್ರೂ ಹೇಳು.”

“ಅಷ್ಟು ಕೆಟ್ಟದ್ದಾದ್ರೆ ನಿನಗ್ಯಾಕೆ ಬೇಕು?” ಎಂದು ಮಾತ್ರ್ಯೋನಕ್ಕ ಮಹಡಿಯಿಂದಲೇ ಕೇಳಿದಳು. “ಐದು ಚಳಿಗಾಲ ಕಳೆಯೋವಷ್ಟು ಇಟ್ಕೊಂಡಿದೀನಿ, ಒಂದೂ ಕೊಡಲ್ಲ.”

ಕೊನೆಗೆ ಉಳಿದವನು ಎಗೋರ್ ಮಾಮ. ಅವನ ಮನಸ್ಸು ಕರಗಿತು. ಹಸಿರು ಡಬ್ಬಿಯನ್ನು ಅಂಗಿಯೊಳಗಿಂದ ತೆಗೆದು, ಅರ್ಧ ಚಾಚಿ, ಕೈ ತಡೆದ. “ಕೊಡ್ತೀನಿ. ಆದ್ರೆ ಇದನ್ನ ಕೊಯ್ಯಲ್ಲ ಅಂತ ಆಣೆ ಮಾಡು.”

ಒಂದು ಮಾತು ಹೇಳಿದ್ದರೆ ಕಾರು ಉಳಿಯುತ್ತಿತ್ತು. ಆದರೆ ಡಬ್ಬಿಯ ಮೇಲಿನ ಬಾತುಕೋಳಿ ಈ ಸಲ ಬಲಕ್ಕೆ ನೋಡುತ್ತಿತ್ತು. ಕೊಯ್ದದ್ದರ ಮೇಲಿನದು ಎಡಕ್ಕೆ ನೋಡುತ್ತಿತ್ತಲ್ಲವೇ? ಹಾಗಾದರೆ ಒಳಗಿನ ಕಾಗದವೂ ಬೇರೆಯೇ ಇರಬಹುದೇ? ಗವ್ರೀಲ್ ಉತ್ತರಿಸುವುದು ಒಂದು ಗಳಿಗೆ ತಡವಾಯಿತು.

ಎಗೋರ್ ಮಾಮ ಅವನ ಕಣ್ಣನ್ನೇ ನೋಡಿ, ಡಬ್ಬಿಯನ್ನು ಮತ್ತೆ ಅಂಗಿಯೊಳಗಿಟ್ಟು, ಬಾಗಿಲು ಹಾಕಿಕೊಂಡ.

ಸಂಜೆ ಸರ್ಗಿಲಾನ ಬಂದು ಗ್ಯಾರೇಜಿನ ನೆಲವನ್ನು ನೋಡಿದಳು. ಕೈಗವಸು ಕಳಚಿ ಅಂಗೈ ಚಾಚಿದಳು. ಗವ್ರೀಲ್ ಅದರಲ್ಲಿ ಕೀ ಇಟ್ಟ. ಆಮೇಲೆ ಸೆಮ್ಯೋನ್ ಬಂದ. ಅವನು ಕೇಳುವ ಮೊದಲೇ ಎಗೋರ್ ಮಾಮ ಡಬ್ಬಿ ಕೊಟ್ಟ. ಸೆಮ್ಯೋನ್ ಅದನ್ನು ನೋಡದೆ ತಿರುಗಿಸಿ ಕೂರಿಸಿ, ಗವ್ರೀಲ್ ತಂದಿಟ್ಟಿದ್ದ ಹೊಸ ಆಯಿಲ್ ಸುರಿದು, ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಶುರುವಾಯಿತು.

ಮರುದಿನ ಬೆಳಿಗ್ಗೆ ಗೂಳಿ ಊರೊಳಗೆ ಬಂದಿತ್ತು. ಮಂಜಿನಲ್ಲಿ ದೀಪದ ಕಂಬಗಳು ಸಹ ಕಾಣುತ್ತಿರಲಿಲ್ಲ. ಸೆಮ್ಯೋನ್ ಈಗ ತನ್ನದಾದ ಕಾರನ್ನು ತಾನೇ ಓಡಿಸುತ್ತಿದ್ದ. ಪಕ್ಕದಲ್ಲಿ ವಿಮಾನದಿಂದಿಳಿದ ಅತ್ತೆ, ಹಿಂದೆ ಸರ್ಗಿಲಾನ, ಅವಳ ಪಕ್ಕ ತೊಡೆಯ ಮೇಲೆ ಅತ್ತೆಯ ಗಂಟು ಹೊತ್ತ ಗವ್ರೀಲ್.

ಅತ್ತೆ ಸ್ವಲ್ಪ ಹೊತ್ತು ತಲೆ ವಾಲಿಸಿ ಇಂಜಿನ್ನಿನ ಸದ್ದು ಕೇಳಿದರು. “ಈ ಚಳಿಲೂ ಎಷ್ಟು ಮೆತ್ತಗೆ ಓಡ್ತಿದೆಯೋ. ಏನು ಹಾಕಿದೀಯ ಇದಕ್ಕೆ?”

“ಒಂದು ಹಸಿರು ಡಬ್ಬಿ ಅಮ್ಮ. ಬಾತುಕೋಳಿ ಚಿತ್ರ ಇರೋದು.”

“ಹೌದಾ?” ಅತ್ತೆ ಯೋಚಿಸಿದರು. “ಅಂಥದ್ದು ಏನಿರತ್ತೋ ಅದರೊಳಗೆ?”

ಗವ್ರೀಲ್ ಗಂಟನ್ನು ಪಕ್ಕಕ್ಕೆ ಸರಿಸಿ, ಮುಂದಕ್ಕೆ ಬಾಗಿ, ಬಾಯಿ ತೆರೆದ. ಸರ್ಗಿಲಾನ ತನ್ನ ದಪ್ಪ ಕೈಗವಸನ್ನು ಮೆಲ್ಲಗೆ ಎತ್ತಿ ಅವನ ಬಾಯಿಗೆ ಅಡ್ಡ ಹಿಡಿದಳು. ಮನೆ ಬರುವವರೆಗೂ ತೆಗೆಯಲಿಲ್ಲ.