ಬೇರೆಯವರ ಗುಡಿ ಹುಡುಕಿದ ಕಸಬರಿಗೆ

ನಮ್ಮ ಜಮಖಂಡಿ ಕಾಲೇಜಿನ ಸರ್ವಧರ್ಮ ಪ್ರಾರ್ಥನೆ ಮತ್ತು ಸೇವಾ ಶಿಬಿರ ನನ್ನ ಕೊರಳಿಗೆ ಬಿದ್ದಾಗಿನಿಂದ, ಕಲಿಸಲು ಹೋಗಿ ಕಲಿತು ಬರುವುದೇ ನನ್ನ ಪಾಡಾಗಿದೆ. ನಾನು ಮೈಸೂರು ಕಡೆಯವನು. ನಮ್ಮ ಪ್ರಾರ್ಥನೆಯ ಕೋಣೆ ಎಂದರೆ ನನಗೆ ಪ್ರಾಣ. ಪ್ರಿನ್ಸಿಪಾಲರ ಕಣ್ಣೂ ಅದರ ಮೇಲೆಯೇ.

"ವಿಶ್ವವಿದ್ಯಾಲಯದಿಂದ ಮೇಡಂ ನೋಡಾಕ ಬರ್ತಾರ. ಅವರು ಛಲೋ ಅಂದ್ರ ಛಲೋ. ಇಲ್ಲಾಂದ್ರ ಆ ಖೋಲಿ ಕಂಪ್ಯೂಟರ್ ಲ್ಯಾಬಿಗೆ ಹೋತು" ಅಂದುಬಿಟ್ಟರು.

ಪರಿಚಯ

ಒಬ್ಬರ ಹಬ್ಬ ಇನ್ನೊಬ್ಬರಿಗೆ ತಿಳಿಯಲಿ ಎಂದು ಸಾವಳಗಿ ಕಡೆಯ ಮುಸ್ಲಿಂ ಹುಡುಗಿಗೆ ಮೊಹರಂ ಬಗ್ಗೆ ಹೇಳಮ್ಮ ಎಂದೆ. ಅವಳು ತನ್ನೂರಿನವನೇ ಆದ, ಬೀರಪ್ಪ ದೇವರ ಭಕ್ತರ ಮನೆಯ ಹುಡುಗನ ಕಡೆ ಕೈ ತೋರಿಸಿದಳು.

"ಅವನ್ನ ಕೇಳ್ರಿ ಸರ್. ನಮ್ಮೂರಾಗ ಮೊಹರಂಗೆ ಅಲಾಯಿ ದೇವರನ್ನ ಹೊರೋದು ಅವರ ಕಾಕಾ."

ಸರಿ, ನೀನು ನಿಮ್ಮ ಬೀರಪ್ಪನ ಡೊಳ್ಳಿನ ಪದದ ಬಗ್ಗೆ ಹೇಳಪ್ಪ ಎಂದೆ.

"ಅದನ್ನ ಅಕಿನ್ನ ಕೇಳ್ರಿ. ಛಂದ ಹಾಡೋರು ಅವರಪ್ಪಾರ."

ಇಡೀ ಕೋಣೆಯಲ್ಲಿ ಪರಿಚಯ ಬೇಕಾಗಿದ್ದವನು ನಾನೊಬ್ಬನೇ.

ಮೌನ

ಯಾರ ಪ್ರಾರ್ಥನೆ ಮೊದಲು ಎಂಬ ತಕರಾರೇ ಬೇಡವೆಂದು ಒಂದು ಶನಿವಾರ ಮೌನ ಪ್ರಾರ್ಥನೆ ಇಟ್ಟೆ. ಸೋಮವಾರ ನನ್ನ ವಿಷಯದ ಪರೀಕ್ಷೆ ಇತ್ತು. ಮುಧೋಳದ ಕಿಲಾಡಿ ಹುಡುಗನಂತೂ ಎಲ್ಲ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ನನಗೆ ಖುಷಿಯೋ ಖುಷಿ. ಯಾವ ದೇವರನ್ನು ನೆನೆದೆಯಪ್ಪ ಎಂದು ಕೇಳಿದೆ.

"ಎಲ್ಲಾರನ್ನೂ ನೆನಿಸೇನ್ರಿ. ನಿಮ್ಮ ಪೇಪರಿಗೆ ಒಬ್ಬ ದೇವರು ಸಾಲಂಗಿಲ್ರಿ ಸರ್."

ಸೇವೆ

ಮೇಡಂ ಬಂದ ದಿನ ಹುನ್ನೂರಿನ ಹತ್ತಿರದ ಒಂದು ಹಳೆಯ ಗದ್ದುಗೆಗೆ ಹೋದೆವು. ಬಾಗಿಲಿಗೆ ಗಂಟೆ, ಒಳಗೆ ಹಸಿರು ಚಾದರ. ಮೆಚ್ಚಿಸಬೇಕಲ್ಲ, ದೊಡ್ಡದಾಗಿ ನಿಯಮ ಸಾರಿದೆ: "ತಮ್ಮದಲ್ಲದ ಕಡೆ ಮಾಡಿದರೇ ಸೇವೆ. ಈ ಜಾಗ ಯಾರದಲ್ಲವೋ ಅವರು ಕಸಬರಿಗೆ ಹಿಡಿಯಿರಿ."

ಒಬ್ಬರೂ ಅಲುಗಲಿಲ್ಲ.

"ನಮ್ಮ ಮನಿದೇವರ್ರಿ ಇದು" ಅಂದ ಲಿಂಗಾಯತರ ಹುಡುಗ.

"ನಮ್ಮ ಪೀರಸಾಬ್ರು" ಅಂದಳು ಸಾವಳಗಿ ಹುಡುಗಿ.

ಕ್ರಿಶ್ಚಿಯನ್ ಹುಡುಗನನ್ನು ಆಸೆಯಿಂದ ನೋಡಿದೆ. "ನಮ್ಮ ಆಯಿ ಹರಕಿ ಹೊತ್ತಿದ್ಲಂತ್ರಿ. ಸಣ್ಣಾಂವ ಇದ್ದಾಗ ತಲಿ ಬೋಳಿಸಿ ನನ್ನ ಜಾವಳ ತೆಗಿಸಿದ್ದ ಇಲ್ಲೇ!"

ಮೇಡಂ ಹುಬ್ಬು ಗಂಟಾಯಿತು. ಕೋಣೆ ಹೋಯಿತು ಎಂದುಕೊಂಡೆ. ಆಗ ಸಾವಳಗಿ ಹುಡುಗಿ ಕನಿಕರದಿಂದ ಹೇಳಿದಳು: "ಸರ್, ಇಲ್ಲಿ ಬ್ಯಾರೆಯವರು ಅಂದ್ರ ನೀವು, ಮೇಡಮ್ಮಾರು. ಇಬ್ರ ಅಷ್ಟರಿ."

ನಿಯಮ ನನ್ನದೇ. ಇಬ್ಬರೂ ಕಸಬರಿಗೆ ಹಿಡಿದೆವು. ಹುಡುಗರು ಬೇವಿನ ನೆರಳಲ್ಲಿ ಚುರುಮುರಿ ತಿನ್ನುತ್ತ, "ಮೇಡಂ, ಮೂಲ್ಯಾಗ ಉಳದೈತಿ ನೋಡ್ರಿ" ಎಂದು ಮಾರ್ಗದರ್ಶನ ಮಾಡಿದರು.

ಕೊನೆಗೆ ಮೇಡಂ ಬೆವರು ಒರೆಸಿಕೊಂಡು ನಕ್ಕೇಬಿಟ್ಟರು. "ನಿಮ್ಮ ಕೋಣೆ ಎಲ್ಲಿಗೂ ಹೋಗೋದಿಲ್ಲ, ನಾನು ಹೇಳ್ತೀನಿ. ಮುಂದಿನ ವರ್ಷವೂ ಬರ್ತೀನಿ."

ನನ್ನ ಕಣ್ಣು ತುಂಬಿ ಬಂತು. ಹುಡುಗಿ ಮಾತ್ರ ಕೈಮುಗಿದಳು: "ನಾಕು ಮಂದಿನ್ನ ಕರ್ಕೊಂಡು ಬರ್ರಿ ಮೇಡಂ. ಹಿತ್ತಲ ಹಂಗ ಉಳದೈತಿ."