ನಾವ್ಯಾರೂ ಬಿದ್ದಿಲ್ಲರೀ

ಇಲ್ಲಿ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ ಮಸ್ಕಿ ಗುಡ್ಡದ ಮೇಲಿಂದ ಗಾಳಿಗೆ ತೂರಿಬಿಡಿ. ನಿಜಾಮರ ಕಾಲದಲ್ಲಿ ನಾನು ಲಿಂಗಸೂಗೂರು ಕಡೆಯ ಒಂದು ದವಾಖಾನೆಯಲ್ಲಿ ಕಂಪೌಂಡರ್. ಡಾಕ್ಟರ್ ಸಾಹೇಬರು ಸಹಿ ಮಾಡುತ್ತಿದ್ದರು, ಗುಣ ಮಾಡುತ್ತಿದ್ದವನು ನಾನು. ಊರೂರು ತಿರುಗಿ ಕಂಡುಕೊಂಡದ್ದು ಇಷ್ಟು: ನಮ್ಮ ಕಡೆ ವಯಸ್ಸಾದವರು ಬೀಳುವುದೂ ನಿಲ್ಲುವುದಿಲ್ಲ, ನೋಡಿದವರ ಎದೆ ಝಲ್ಲೆನ್ನುವುದೂ ನಿಲ್ಲುವುದಿಲ್ಲ.

೧. ಅತ್ತೆಯ ಕೀಲಿಕೈ

ಪಾಮನಕಲ್ಲೂರಿನ ನನ್ನ ಸೋದರತ್ತೆ ಹೊಸ್ತಿಲು ಎಡವಿ ಬಿದ್ದಳೆಂದು ಬಂಡಿಯಲ್ಲಿ ಮಲಗಿಸಿಕೊಂಡು ತಂದರು. ಅದೇ ವರ್ಷ ಅದು ಎರಡನೆಯ ಸಲ. ಸಾಹೇಬರು ಪರೀಕ್ಷೆ ಮಾಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಸಲ ಉಳದಾಳ. ಇನ್ನೊಮ್ಮೆ ಬಿದ್ದರ ಸೊಂಟ ಮುರೀತೈತಿ, ಆಮ್ಯಾಲ ಹಾಸಿಗಿ ಬಿಟ್ಟು ಏಳಂಗಿಲ್ಲ. ಊರಿಕೊಂಡು ನಡ್ಯಾಕ ಕೈಯಾಗ ಒಂದು ಬಡಿಗಿ ಕೊಡು."

ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಈ ಅತ್ತೆ.

"ಅತ್ತಿ, ಬಡಿಗಿ ಹಿಡಕೋ."

ಅತ್ತೆ ಸೊಂಟದ ಕೀಲಿಕೈ ಗೊಂಚಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬಡಿಗಿ ಕೈಗೆ ಬಂದ ದಿನಾನ ಕೀಲಿ ಸೊಸಿ ಕೈಗೆ ಹೋಗತೈತಿ. ನಮ್ಮೂರಾಗ ಅದು ಕಾಯ್ದೆ. ಸೊಂಟ ಮುರದರ ಮುರೀಲಿ!"

ಬಂಡಿಯ ಹಿಂದಿನಿಂದ ಸೊಸೆ ಲಗುಬಗೆಯಿಂದ ಬಂದಳು. "ಆ ಬಡಿಗಿ ಇಲ್ಲಿ ಕೊಡ್ರಿ, ನಾ ಹಿಡಸ್ತೀನಿ!"

೨. ಸಿಂಧನೂರಿನ ನೆಲ

"ಬಿದ್ದವರ ಕತಿ ಹೇಳಿ ನಿಮ್ಮತ್ತೀನ ಹೆದರಿಸು" ಎಂದರು ಸಾಹೇಬರು. ಸಿಡುಬಿನ ಟೀಕಾ ಹಾಕಲು ಸಿಂಧನೂರಿಗೆ ಹೋದಾಗ ಅಂಥವರನ್ನು ಹುಡುಕಿದೆ. ಒಬ್ಬ ಹಿರಿಯರ ಕೈಗೆ ಬಿದಿರಿನ ಪಟ್ಟಿ ಕಟ್ಟಿತ್ತು, ಹಣೆಯ ಮೇಲೆ ಬದನೆಕಾಯಿ ಗಾತ್ರದ ಬಾವು.

"ಯಜಮಾನ್ರ, ಹೆಂಗ ಬಿದ್ರಿ?"

"ಯಾರು ಬಿದ್ದಾರ?" ಎಂದು ಗುಡುಗಿದರು.

"ಮತ್ತ ಈ ಕೈ?"

"ಬಚ್ಚಲದಾಗ ನಿಂತಿದ್ದೆ. ನೆಲಾನ ಎದ್ದು ಬಂದು ಬಡೀತು."

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಖರೇ ಐತ್ರೀ. ಮೊನ್ನಿ ಗ್ವಾಡಿನೂ ಬಂದಿತ್ತು!"

೩. ಮಸ್ಕಿಯ ಬೆಳಕಿಂಡಿ

ಮಸ್ಕಿಯಲ್ಲಿ ನಾನು ಒಂದು ಮನೆಯ ಪಡಸಾಲೆಯಲ್ಲಿ ಕೂಸಿಗೆ ಟೀಕಾ ಹಾಕುತ್ತಿದ್ದೆ. ಆ ಮನೆಯ ಹಿರಿಯರು ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಹಿಂದಕ್ಕೆ ಹೆಜ್ಜೆ ಇಟ್ಟವರು ಚಾವಣಿಯ ಬೆಳಕಿಂಡಿಯೊಳಗಿಂದ ಸೀದಾ ಅಡುಗೆಮನೆಗೆ ಇಳಿದರು. ಧಡ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಹಿರಿಯರು ಜೋಳದ ಹಿಟ್ಟಿನ ಬುಟ್ಟಿಯಲ್ಲಿ ಕುಳಿತಿದ್ದಾರೆ, ತಲೆಯಿಂದ ಪಾದದವರೆಗೂ ಬೆಳ್ಳಗೆ, ಕೈಯಲ್ಲಿ ಇನ್ನೂ ಒಂದು ಮೆಣಸಿನಕಾಯಿ.

ಒಲೆಯ ಮುಂದಿದ್ದ ಸೊಸೆ ಹಿಂತಿರುಗಿಯೂ ನೋಡದೆ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಮಾವಾರ, ರೊಟ್ಟಿ ಆದಮ್ಯಾಲ ಕರೀತೀನಿ ಅಂದಿದ್ದೆನಲ್ಲರೀ. ಇಷ್ಟ್ಯಾಕ ಅವಸರ?"

ಇದನ್ನು ಹೇಳಿ ಅತ್ತೆಯನ್ನು ಹೆದರಿಸಲು ಹೋದೆ. ಆಕೆ ನಕ್ಕು ನಕ್ಕು ಮನೆಯ ಮುಂದಿನ ಕಟ್ಟೆಯಿಂದ ಉರುಳುವುದರಲ್ಲಿದ್ದಳು. ಹಾರಿ ಹಿಡಿದೆ. ಮೂರನೆಯ ಸಲ ನನ್ನಿಂದಲೇ ಆಗಿಹೋಗುತ್ತಿತ್ತು!

೪. ಸರ್ಕಾರಿ ಲಾಠಿ

ಆಗ ಹುಟ್ಟಿತು ನೋಡಿ ನನ್ನ ಬುದ್ಧಿ. ಅಂಥ ಬುದ್ಧಿ ಹೈದರಾಬಾದಿನ ದಿವಾನರಿಗೂ ಇರಲಿಕ್ಕಿಲ್ಲ. ಗಟ್ಟಿ ಬಿದಿರಿಗೆ ಹಿತ್ತಾಳೆಯ ಕಟ್ಟು ಹಾಕಿಸಿ ಒಯ್ದೆ.

"ಅತ್ತಿ, ಇದು ಬಡಿಗಿ ಅಲ್ಲ, ಸರ್ಕಾರಿ ಲಾಠಿ. ಊರಾಗ ದೊಡ್ಡ ಮನಶ್ಯಾರಿಗಷ್ಟ ಕೊಡಬೇಕಂತ ಹುಕುಂ ಆಗೈತಿ. ಇದನ್ನ ಹಿಡದವರ ಕೀಲಿ ಯಾರೂ ಕೇಳಂಗಿಲ್ಲ."

ಅಂದಿನಿಂದ ಅತ್ತೆ ಲಾಠಿ ಇಲ್ಲದೆ ಹೊಸ್ತಿಲು ದಾಟಲಿಲ್ಲ, ಎಡವಲೂ ಇಲ್ಲ. ಎಂಟೇ ದಿನದಲ್ಲಿ ಊರಿನ ಮುದುಕಿಯರೆಲ್ಲ ನನ್ನನ್ನು ಮುತ್ತಿದರು. "ಆಕೀಗಷ್ಟ ಯಾಕ? ನಾವು ಸರ್ಕಾರದ ಪ್ರಜಾ ಅಲ್ಲೇನು?" ಅವರಿಗೂ ಮಾಡಿಸಿಕೊಟ್ಟೆ.

ಮುಂದಿನ ತಿಂಗಳು ದೊಡ್ಡ ಸಾಹೇಬರೊಬ್ಬರು ಊರಿಗೆ ತಪಾಸಣೆಯ ದೌರಾ ಬಂದರು. ಔಷಧಿ ಪೆಟ್ಟಿಗೆಯೊಂದಿಗೆ ಅವರ ಬಂಡಿಯಲ್ಲೇ ನಾನೂ ಇದ್ದೆ. ಚಾವಡಿಯ ಮುಂದೆ ಬಂಡಿ ನಿಂತಿತು. ಎದುರಿಗೆ ಊರಿನ ಮುದುಕಿಯರೆಲ್ಲ ಹೆಗಲಿಗೆ ಲಾಠಿ ಏರಿಸಿ ಸಾಲಾಗಿ ಬರುತ್ತಿದ್ದಾರೆ, ಮುಂದೆ ನಮ್ಮ ಅತ್ತೆ!

"ಯೇ ಕೌನ್ಸಿ ಫೌಜ್ ಹೈ? ಯಾವ ದಂಡು ಇದು?" ಎಂದವರೇ ಸಾಹೇಬರು ಬಂಡಿ ಇಳಿಯುತ್ತ ಕಾಲು ತಪ್ಪಿ ಶೇರವಾನಿ ಸಮೇತ ಧೂಳಿನಲ್ಲಿ ಅಂಗಾತ ಬಿದ್ದರು.

ಇಲ್ಲದ ಹುಕುಂ ಹುಟ್ಟಿಸಿದವನು ನಾನು. ನೌಕರಿ ಹೋಯಿತು, ಜೇಲೂ ಖಾತ್ರಿ ಎಂದುಕೊಂಡೆ. ಅತ್ತೆ ಮಾತ್ರ ನಿಧಾನವಾಗಿ ಬಂದು ಲಾಠಿ ಚಾಚಿದಳು.

"ಹಿಡೀರಿ ಸಾಹೇಬ್ರ, ನಾಚಬ್ಯಾಡ್ರಿ. ಇದು ಮುದುಕರ ಬಡಿಗಿ ಅಲ್ಲ. ನಿಮ್ಮ ಕುರ್ಚಿ ಯಾರೂ ಕೇಳಂಗಿಲ್ಲ."

ಎಲ್ಲ ಖರೆ. ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿದ್ದು. ಸಾಹೇಬರು ಬೀಳಲಿಲ್ಲ. ಬಂಡಿ ಇಳಿದು ಗಟ್ಟಿಯಾಗಿ ನಿಂತು, "ಈ ಲಾಠಿ ಯಾರು ಕೊಟ್ಟಾರ?" ಎಂದು ಕೇಳಿದರು, ಅಷ್ಟೇ. ಅದನ್ನು ಕೇಳಿ ಬಂಡಿಯಿಂದ ಬಿದ್ದವನು ನಾನು, ಅತ್ತೆ ಲಾಠಿ ಚಾಚಿದ್ದೂ ನನಗೇ. ಆಗ ನನ್ನ ವಯಸ್ಸು ಇಪ್ಪತ್ತೆಂಟು.