ಬೇಡವೆಂದರೂ ಬಡಿಸುವ ಉಪಚಾರಿಣಿ

"ಈಗಿನ ಕಾಲದಲ್ಲಿ ಪದಾರ್ಥ ಮಾರಬಾರದು ಅತ್ತಿಗೆ! ಅನುಭವ ಮಾರ್ಬೇಕು, ಅನುಭವ!"

ನನ್ನ ಮೈದುನ ತ್ರಿವಿಕ್ರಮ ಸೂಪರ್ ಮಾರ್ಕೆಟ್ಟಿನ ನಟ್ಟನಡುವೆ ನಿಂತು ಹೀಗೆಂದು ಘೋಷಿಸಿದಾಗಲೇ ನನ್ನ ಎದೆ ಧಸಕ್ಕೆಂದಿತು. ಹೋದ ವರ್ಷ ಇದೇ ಮಹಾನುಭಾವ, ದೋಸೆಯನ್ನು ತಾನೇ ಮಗುಚುವ ಕಾವಲಿ ಕಂಡುಹಿಡಿದಿದ್ದ. ಅದು ಮಗುಚಿದ ಮೊದಲ ದೋಸೆ ಇನ್ನೂ ಪಕ್ಕದ ಮನೆಯ ಮಾಡಿನ ಹೆಂಚಿನ ಮೇಲಿದೆ!

ಆದರೂ ಒಪ್ಪಿಕೊಂಡೆ. ಯಾಕೆಂದರೆ ಇದು ನನ್ನ ಪುಳಿಯೋಗರೆ ಗೊಜ್ಜಿನ ಮಾನದ ಪ್ರಶ್ನೆ. ತಿಪಟೂರಿನ ನಂಜುಂಡಶೆಟ್ಟರ ಈ ಅಂಗಡಿಯಲ್ಲಿ ನನ್ನ ಗೊಜ್ಜಿಗೆ ಸಿಕ್ಕಿದ್ದ ಜಾಗ ಯಾವುದು ಗೊತ್ತೇ? ಕಟ್ಟಕಡೆಯ ಸಾಲು, ಕೆಳಗಿನ ಶೆಲ್ಫು, ಫಿನಾಯಿಲ್ ಬಾಟಲಿಗಳ ಪಕ್ಕ! ಅಪ್ಪಿತಪ್ಪಿ ಯಾರಾದರೂ ಪ್ಯಾಕೆಟ್ ಕೈಗೆತ್ತಿಕೊಂಡರೂ ಮೂಸಿ ನೋಡಿ, ಮೂಗು ಮುರಿದು, ವಾಪಸ್ ಇಟ್ಟು ಹೋಗುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ? ಕಾಡಿ ಬೇಡಿದ ಮೇಲೆ ಶೆಟ್ಟರು, "ಆಯ್ತು ವನಜಾಕ್ಷಮ್ಮ, ಈ ಭಾನುವಾರ ಒಂದು ದಿನ ಕೊಡ್ತೀನಿ. ಜನ ಕೇಳಿ ತಗೊಂಡ್ರೆ ಬಾಗಿಲ ಪಕ್ಕದ ಶೆಲ್ಫು ನಿಮ್ದು. ಇಲ್ದಿದ್ರೆ ಗೊಜ್ಜನ್ನ ಮನೆಗೆ ತಗೊಂಡು ಹೋಗ್ಬಿಡಿ" ಎಂದಿದ್ದರು.

ತ್ರಿವಿಕ್ರಮ ಹೊದಿಕೆ ಸರಿಸಿದ. ಆಳೆತ್ತರದ ಯಂತ್ರ! ಕಾಲಿಗೆ ಚಕ್ರ, ಸುತ್ತಲೂ ಆರು ಕೈ, ಒಂದೊಂದು ಕೈಯಲ್ಲೂ ಸೌಟು. ಹೊಟ್ಟೆಯೊಳಗೆ ನಾನು ಬೆಳಿಗ್ಗೆ ಕಲಸಿದ್ದ ಪುಳಿಯೋಗರೆ.

"ಅಯ್ಯೋ, ಅದಕ್ಕೆ ನನ್ನ ರೇಷ್ಮೆ ಸೀರೆ ಉಡಿಸಿದ್ದೀಯಲ್ಲೋ!"

"ಬ್ರ್ಯಾಂಡ್ ಅಂದ್ಮೇಲೆ ಒಂದು ಕಳೆ ಬೇಡ್ವಾ ಅತ್ತಿಗೆ? ಇವಳ ಹೆಸರು ಉಪಚಾರಿಣಿ! ಅಂಗಡಿಗೆ ಬಂದೋರನ್ನ ಮದುವೆಗೆ ಬಂದೋರ ಹಾಗೆ ನೋಡ್ಕೊಳ್ತಾಳೆ. ನಮ್ಮ ನೆಂಟರಿಷ್ಟರ ಮದುವೆ ವಿಡಿಯೋ ಎಲ್ಲಾ ತೋರಿಸಿ ಕಲಿಸಿದ್ದೀನಿ!"

ಗುಂಡಿ ಒತ್ತಿದ. ಯಂತ್ರ ನೇರವಾಗಿ ಶೆಟ್ಟರ ಕಡೆ ಉರುಳಿತು.

"ಬನ್ನಿ ಬನ್ನಿ! ಈಗ ಬಂದ್ರಾ? ಮನೇಲಿ ಎಲ್ಲಾ ಸೌಖ್ಯಾನಾ?" ಎನ್ನುತ್ತ ದೊನ್ನೆ ತುಂಬಿಸಿ ಕೈಗಿಟ್ಟಿತು.

ಶೆಟ್ಟರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಆಹಾ! ಏನು ಹದ! ಸಾಕಮ್ಮ, ಸಾಕು."

"ಇಷ್ಟಕ್ಕೇ ಸಾಕಾ? ಸಂಕೋಚ ಮಾಡ್ಕೋಬೇಡಿ!" ಎಂದು ಇನ್ನೆರಡು ಸೌಟು ಸುರಿಯಿತು.

ಅಂಗಡಿಯೆಲ್ಲ ಗೊಳ್ಳೆಂದಿತು. ಜನ ಮುತ್ತಿದರು. ಕನ್ನಡಕದ ಹೆಂಗಸೊಬ್ಬರು ರುಚಿ ನೋಡಿದವರೇ, ಫಿನಾಯಿಲ್ ಮೂಲೆಗೆ ಹುಡುಕಿಕೊಂಡು ಹೋಗಿ ಗೊಜ್ಜಿನ ಪ್ಯಾಕೆಟ್ ತಂದರು! ನನಗೆ ಸಂತೋಷಕ್ಕೆ ಅಳುವೇ ಬಂತು. ಮನಸ್ಸಿನಲ್ಲೇ ಬಾಗಿಲ ಪಕ್ಕದ ಶೆಲ್ಫು ಒರೆಸಿ, ಪ್ಯಾಕೆಟ್ಟುಗಳನ್ನೂ ಜೋಡಿಸಿಟ್ಟೆ.

ಅಷ್ಟರಲ್ಲಿ ಜಿಮ್ ನಡೆಸುವ ಕೆಂಪರಾಜು ಮೊಟ್ಟೆ ಕೊಳ್ಳಲು ಬಂದ.

"ನನಗೆ ಬೇಡ, ನಾನು ಅನ್ನ ಬಿಟ್ಟಿದ್ದೀನಿ."

"ಅಯ್ಯೋ, ಅನ್ನ ಬಿಟ್ರೆ ಹೇಗೆ! ಒಂದೇ ಒಂದು ಸೌಟು!"

ಕೆಂಪರಾಜು ದೊನ್ನೆಗೆ ಅಂಗೈ ಅಡ್ಡ ಹಿಡಿದ. ಯಂತ್ರ ಅಂಗೈ ಮೇಲೇ ಬಡಿಸಿತು. ಅವನು ಓಡಿದ. ಅದೂ ಸೆರಗು ಹಾರಿಸಿಕೊಂಡು ಹಿಂದೆಯೇ ಓಡಿ, ಸೋಪಿನ ಸಾಲಿನಲ್ಲಿ ಅಡ್ಡಗಟ್ಟಿ, "ನೀವು ಹುಡುಗನ ಕಡೆಯೋರಾ, ಹುಡುಗಿ ಕಡೆಯೋರಾ?" ಎಂದು ಕೇಳಿತು.

ಗಾಬರಿಯಲ್ಲಿ ಕೆಂಪರಾಜು, "ಹು... ಹುಡುಗನ ಕಡೆ!" ಎಂದುಬಿಟ್ಟ. ತಗೊಳ್ಳಿ, ಆರೂ ಸೌಟು ಒಟ್ಟಿಗೆ ಬಿದ್ದವು!

"ಲೋ ತ್ರಿವಿಕ್ರಮ! ಬೇಡ ಅಂದ್ರೆ ಬೇಡ ಅಂತ ಅದಕ್ಕೆ ಕಲಿಸಿಲ್ವೇನೋ?"

"ನಾನೇನ್ ಮಾಡ್ಲಿ ಅತ್ತಿಗೆ? ಯಾವ ಮದುವೆ ವಿಡಿಯೋದಲ್ಲಿ ನೋಡಿದ್ರೂ ಬೇಡ ಅಂದೋರಿಗೇ ಜಾಸ್ತಿ ಬಡಿಸಿದ್ದಾರೆ! ಅದು ನೋಡಿದ್ದನ್ನ ಕಲಿತಿದೆ!"

"ಆರಿಸು ಮೊದ್ಲು!"

ಗುಂಡಿ ಇದ್ದದ್ದು ಬೆನ್ನಿನಲ್ಲಿ, ನನ್ನ ಸೀರೆಯ ಸೆರಗಿನ ಅಡಿಯಲ್ಲಿ. ತ್ರಿವಿಕ್ರಮ ಕೈ ಹಾಕುವಷ್ಟರಲ್ಲಿ ಯಂತ್ರ ಗಿರ್ರನೆ ತಿರುಗಿ, "ಮನೆಯೋರೇ ನಿಂತಿದ್ರೆ ಹೇಗೆ? ಕೂತ್ಕೊಳ್ಳಿ!" ಎಂದು ಹಿಂದಿನಿಂದ ಟ್ರಾಲಿ ತಳ್ಳಿ, ಅವನ ಮೊಣಕಾಲು ಮಡಿಸಿ ನೆಲಕ್ಕೆ ಕೂರಿಸಿತು. ಆ ಉಪಾಯ ಅದಕ್ಕೆ ಬಹಳ ಹಿಡಿಸಿರಬೇಕು. ಒಬ್ಬೊಬ್ಬರನ್ನೇ ಹಾಗೇ ಕೂರಿಸುತ್ತ ಬಂದು, ಅಕ್ಕಿ ಸಾಲಿನಿಂದ ಶಾಂಪೂ ಸಾಲಿನವರೆಗೆ ಎರಡು ಪಂಕ್ತಿ ಮಾಡಿತು! ಬಾಗಿಲಿಗೆ ಟ್ರಾಲಿಗಳ ಕೋಟೆ ಕಟ್ಟಿತು.

"ಊಟ ಮಾಡದೆ ಯಾರೂ ಹೋಗೋ ಹಾಗಿಲ್ಲ! ಪಂಕ್ತಿ ಮಧ್ಯೆ ಏಳೋ ಹಾಗಿಲ್ಲ!"

ಪುಳಿಯೋಗರೆ ಮುಗಿಯಿತು. ನಾನು ಉಸಿರು ಬಿಟ್ಟೆ. ಎಲ್ಲಿಯ ನೆಮ್ಮದಿ! ಯಂತ್ರ ಶೆಲ್ಫುಗಳಿಗೇ ಕೈ ಹಾಕಿತು. ಎಲ್ಲರ ಮುಂದೆ ಕಾಗದ ಹಾಸಿ, ತುದಿಗೆ ಉಪ್ಪು ಬಡಿಸಿತು, ತಲೆಗೊಂದು ಕೆಜಿ ಪ್ಯಾಕೆಟ್. ಆಮೇಲೆ ಹಸಿ ಹಪ್ಪಳ, ಬಿಸ್ಕತ್ತು, ಜಾಮು, ತೊಗರಿಬೇಳೆ!

"ನನ್ನ ಮಾಲು! ನನ್ನ ಮಾಲು! ಸಾಕು ನಿಲ್ಸೇ!" ಎಂದು ಶೆಟ್ಟರು ಬಡಿದುಕೊಂಡರು.

"ಯಜಮಾನ್ರು ಸಾಕು ಅಂತಿದ್ದಾರೆ, ಇನ್ನೊಂದು ಸ್ವಲ್ಪ ಹಾಕಿ!" ಎಂದು ಯಂತ್ರ ತನಗೆ ತಾನೇ ಹೇಳಿಕೊಂಡು ಅವರ ಮಡಿಲಿಗೆ ಶ್ಯಾವಿಗೆ ಸುರಿಯಿತು.

"ವನಜಾಕ್ಷಮ್ಮ, ಇದನ್ನ ನಿಲ್ಸದಿದ್ರೆ ಬಾಗಿಲ ಪಕ್ಕ ಅಲ್ಲ, ಬಾಗಿಲ ಆಚೆ ನಿಮ್ಮ ಗೊಜ್ಜು!"

ಗೊಜ್ಜಿನ ಕತೆ ಮುಗಿಯಿತು ಎಂದುಕೊಂಡೆ. ಆಗ ಥಟ್ಟನೆ ಹೊಳೆಯಿತು. ಮಜ್ಜಿಗೆ ಬಡಿಸದೆ ಯಾವ ಮದುವೆ ಊಟ ಮುಗಿಯುತ್ತದೆ? ಓಡಿಹೋಗಿ ಫ್ರಿಜ್ಜಿನಿಂದ ಮಜ್ಜಿಗೆ ಪ್ಯಾಕೆಟ್ ಬಾಚಿ ತಂದು, ಹಲ್ಲಿನಿಂದಲೇ ಹರಿದು, ಇರೋಬರೋ ದೊನ್ನೆಗಳಿಗೆಲ್ಲ ಸುರಿಯುತ್ತ, "ಮಜ್ಜಿಗೆ! ಮಜ್ಜಿಗೆ!" ಎಂದು ಕೂಗಿದೆ.

ಯಂತ್ರ ಗಕ್ಕನೆ ನಿಂತಿತು. ಸೌಟುಗಳು ಕೆಳಗಿಳಿದವು. "ನಿಧಾನವಾಗಿ ಆಗಲಿ" ಎಂದಿತು, ಮೃದುವಾಗಿ.

ಜನ ಚಪ್ಪಾಳೆ ತಟ್ಟಿದರು. ತ್ರಿವಿಕ್ರಮ ಎದ್ದು ನಿಂತು, ತಾನೇ ನಿಲ್ಲಿಸಿದವನ ಹಾಗೆ ಕೈ ಮುಗಿದ. ನಾಚಿಕೆಯಾದರೂ ಬೇಡವೇ!

"ತಾಂಬೂಲ ತಗೊಂಡು ಹೋಗಿ!" ಎಂದಿತು ಯಂತ್ರ.

ಯಾರಾದರೂ ಕಣ್ಣು ಮಿಟುಕಿಸುವ ಮೊದಲೇ ಆರು ಕೈಗಳೂ ಚೀಲ ಬಿಚ್ಚಿದವು. ಎಣ್ಣೆ, ಸಕ್ಕರೆ, ಟೀಪುಡಿ, ಪೊರಕೆ, ಸಿಕ್ಕಿದ್ದೆಲ್ಲ ಚೀಲಕ್ಕೆ! ಯಂತ್ರ ಟ್ರಾಲಿಗಳ ಕೋಟೆಯನ್ನು ತಾನೇ ಸರಿಸಿತು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ, "ಬರಿಗೈಲಿ ಹೋಗಬಾರದು" ಎಂದು ಚೀಲ ತುರುಕಿತು. ಈ ಸಲ ಬೇಡ ಎಂದವರು ಒಬ್ಬರೂ ಇಲ್ಲ! ಕೊನೆಯ ಬೆಂಕಿಪೊಟ್ಟಣವೂ ಖಾಲಿಯಾದ ಮೇಲೆ ಉಪಚಾರಿಣಿ ಆರು ಕೈಗಳನ್ನೂ ಜೋಡಿಸಿ, "ಏನಾದ್ರೂ ಕುಂದುಕೊರತೆ ಆಗಿದ್ರೆ ಮನ್ನಿಸಿ" ಎಂದು ತಾನಾಗಿಯೇ ಆರಿಹೋಯಿತು.

ಶೆಟ್ಟರು ಖಾಲಿ ಶೆಲ್ಫಿನ ಮೇಲೆ ಕುಸಿದರು. ಆಗ ಕೆಂಪರಾಜು ಅಂಗೈ ನೆಕ್ಕಿಕೊಳ್ಳುತ್ತ, ಏದುಸಿರು ಬಿಡುತ್ತ ವಾಪಸ್ ಬಂದ.

"ಶೆಟ್ರೇ, ಇದೇನ್ರೀ ಅನ್ಯಾಯ? ನನ್ನ ಚೀಲದಲ್ಲಿ ಪುಳಿಯೋಗರೆ ಗೊಜ್ಜಿಲ್ಲ! ಪಕ್ಕದೋನಿಗೆ ಮಾತ್ರ ಬಂದಿದೆ! ದುಡ್ಡು ಕೊಡ್ತೀನಿ, ಗೊಜ್ಜು ಕೊಡಿ!"

ಅವನ ಹಿಂದೆ ಬಾಗಿಲ ತುಂಬ ಜನ. ಎಲ್ಲರದೂ ಅದೇ ಮಾತು.

ಶೆಟ್ಟರು ಜನರನ್ನು ನೋಡಿದರು, ಅಂಗಡಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಬಾಗಿಲ ಪಕ್ಕದ್ದೊಂದೇ ಯಾಕೆ ವನಜಾಕ್ಷಮ್ಮ? ಎಲ್ಲಾ ಶೆಲ್ಫೂ ಖಾಲಿ ಇದಾವಲ್ಲ! ಅಷ್ಟೂ ತುಂಬಿಸಿ ಕೊಡಿ. ನಷ್ಟದ ಮಾತು ನಿಮ್ಮ ಮೈದುನನ ಹತ್ರ ಆಡ್ಕೊಳ್ತೀನಿ."

ಮರುದಿನ ಒಂದು ಗಾಡಿ ಹುಣಸೆಹಣ್ಣು ನಮ್ಮ ಹಜಾರಕ್ಕೆ ಬಂದು ಬಿತ್ತು. ತ್ರಿವಿಕ್ರಮನ ಕಣ್ಣು ಫಳಫಳ ಹೊಳೆಯಿತು.

"ಅತ್ತಿಗೆ! ಇಷ್ಟು ಹಣ್ಣಿನ ಬೀಜ ಬಿಡಿಸೋಕೆ ಒಂದು ಯಂತ್ರ..."

"ಆಗಲೇ ಇದೆ" ಎಂದು ಬುಟ್ಟಿಯನ್ನು ಅವನ ಮುಂದೆ ಸರಿಸಿದೆ. "ಅದರ ಹೆಸರು ತ್ರಿವಿಕ್ರಮ."